ಕಂಡದ್ದನ್ನು ಹೇಳುವ ಋಣ

ನೌಕರಿಯ ಬದುಕಿನಲ್ಲಿ ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ಎದುರಾಗುವ ಒಂದು ಸಣ್ಣ ಸಂಕಟವಿದೆ. ಜೊತೆಯಲ್ಲಿ ದುಡಿಯುವವರೊಬ್ಬರು ಬಳಿಗೆ ಬಂದು, ಸ್ವಲ್ಪ ತಡವರಿಸಿ, ‘ಆ ಕೆಲಸ ಮಾಡಿದ್ದು ನಾನು ಎಂದು ಮೇಲಿನವರ ಎದುರು ನೀವೊಂದು ಮಾತು ಹೇಳಬಹುದೇ?’ ಎಂದು ಕೇಳುತ್ತಾರೆ. ಅವರು ಕೇಳಿದ್ದು ಹಣವನ್ನಲ್ಲ, ಜಾಮೀನನ್ನೂ ಅಲ್ಲ. ಒಂದು ಮಾತನ್ನು ಮಾತ್ರ. ಆದರೂ ಕೇಳಿದವರಿಗೂ ಕೇಳಿಸಿಕೊಂಡವರಿಗೂ ಆ ಕ್ಷಣದಲ್ಲಿ ಮುಜುಗರವಾಗುತ್ತದೆ. ನಮ್ಮ ಕಾಸರಗೋಡಿನ ಕಡೆ ಇಂತಹ ಸಂದರ್ಭಕ್ಕೆಂದೇ ಒಂದು ಪದವಿದೆ: ‘ನೋಡುವ.’ ಅದರಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಕೇಳಿದವರು ಆ ಪದವನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಹೇಳಿದವರು ಮರುದಿನದ ಹೊತ್ತಿಗೆ ಅದನ್ನು ಮರೆತಿರುತ್ತಾರೆ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಇದೆಂತಹ ವಿಷಯ ಎಂದು ಓದುಗರು ಹುಬ್ಬೇರಿಸಬಹುದು. ಸತ್ಯ, ಧರ್ಮ, ನ್ಯಾಯ ಎಂಬ ದೊಡ್ಡ ಪದಗಳನ್ನು ಕುರಿತು ನಾವು ವೇದಿಕೆಯ ಮೇಲೆ ಧಾರಾಳವಾಗಿ ಮಾತಾಡುತ್ತೇವೆ. ಆದರೆ ಆ ಪದಗಳು ನಿತ್ಯಜೀವನದಲ್ಲಿ ನಮ್ಮನ್ನು ಪರೀಕ್ಷಿಸುವುದು ಕುರುಕ್ಷೇತ್ರದಲ್ಲಲ್ಲ. ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ, ಪಂಚಾಯತಿನ ಕಡತಗಳ ನಡುವೆ. ಸಹೋದ್ಯೋಗಿಯ ಈ ಕೋರಿಕೆ ಅಂತಹ ಪರೀಕ್ಷೆಗಳಲ್ಲಿ ಒಂದು. ಹಾಗೆ ಕೇಳುವುದು ತಪ್ಪೇ? ಕೇಳಿದರೆ ನಾವು ಹೇಳಬೇಕೇ? ಹೇಳುವುದಾದರೆ ಎಷ್ಟು ಹೇಳಬೇಕು? ಈ ಮೂರು ಪ್ರಶ್ನೆಗಳನ್ನು ಸ್ವಲ್ಪ ಸಾವಧಾನದಿಂದ ಯೋಚಿಸಿ ನೋಡೋಣ.

ಮೊದಲನೆಯ ಪ್ರಶ್ನೆಗೆ ನಮ್ಮ ಸಂಸ್ಕಾರ ಕೊಡುವ ಉತ್ತರ ಸಿದ್ಧವಾಗಿದೆ. ಆತ್ಮಸ್ತುತಿ ಹೀನವಾದದ್ದು, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬಾರದು, ಇನ್ನೊಬ್ಬರಿಂದ ತಟ್ಟಿಸಿಕೊಳ್ಳುವುದಂತೂ ಇನ್ನೂ ಕೀಳು, ತುಂಬಿದ ಕೊಡ ತುಳುಕುವುದಿಲ್ಲ. ಈ ಮಾತುಗಳನ್ನು ನಾವೇ ಎಷ್ಟೋ ತಲೆಮಾರಿನ ಮಕ್ಕಳಿಗೆ ಕಲಿಸಿದ್ದೇವೆ ಮತ್ತು ಅವು ಸುಳ್ಳಲ್ಲ. ಆದರೆ ಗಾದೆಯನ್ನು ಪೂರ್ತಿಯಾಗಿ ಓದಬೇಕು. ತುಂಬಿದ ಕೊಡ ತುಳುಕದು ಎಂಬುದು ಕೊಡಕ್ಕೆ ಹೇಳಿದ ಬುದ್ಧಿ. ಆ ನೀರನ್ನು ಕುಡಿದವನು ಕೊಡವನ್ನು ಹೊತ್ತು ತಂದವರು ಯಾರೆಂದು ಹೇಳಬಾರದೆಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ.

ಭಗವದ್ಗೀತೆಯ ನಿಷ್ಕಾಮ ಕರ್ಮದ ಉಪದೇಶಕ್ಕೂ ಇದೇ ಗತಿಯಾಗಿದೆ. ಫಲದ ಆಸೆಯನ್ನು ಬಿಟ್ಟು ಕರ್ಮ ಮಾಡೆಂದು ಕೃಷ್ಣನು ಹೇಳಿದ್ದು ಕರ್ಮ ಮಾಡುವವನಿಗೆ. ಅದು ಮಾಡುವವನ ಅಂತರಂಗದ ಶಿಸ್ತು. ಪಕ್ಕದಲ್ಲಿ ಕುಳಿತು ನೋಡಿದವನು, ‘ಅವರು ಫಲಾಪೇಕ್ಷೆ ಇಟ್ಟುಕೊಳ್ಳಬಾರದು’ ಎಂದು ಹೇಳಿ ತಾನು ಬಾಯಿ ಮುಚ್ಚಿಕೊಂಡಿರಲು ಅದು ಪರವಾನಗಿ ಪತ್ರವಲ್ಲ. ನಮ್ಮ ವೈರಾಗ್ಯವನ್ನು ನಾವು ಅಭ್ಯಾಸ ಮಾಡಬಹುದು. ಇನ್ನೊಬ್ಬರ ಪರವಾಗಿ ವೈರಾಗ್ಯ ವಹಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಇನ್ನು, ಹೀಗೆ ಕೇಳಬೇಕಾಗಿ ಬರುವವರು ಯಾರೆಂಬುದನ್ನು ಗಮನಿಸೋಣ. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿರುವವರು ಕೇಳಬೇಕಾಗಿಲ್ಲ. ವರದಿ ಓದುವವರು, ಅಧಿಕಾರಿಯ ಪಕ್ಕದಲ್ಲಿ ಕುರ್ಚಿಯಿರುವವರು, ಮಾತಿನ ಕಲೆ ಬಲ್ಲವರು ಕೇಳಬೇಕಾಗಿಲ್ಲ. ಅವರ ಕೆಲಸವು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದುದರಿಂದ ವಿನಯವೂ ಅವರಿಗೆ ಸುಲಭ. ಕೇಳಬೇಕಾಗಿ ಬರುವುದು ಗೋಡೆಯ ಆಚೆ ದುಡಿಯುವವರಿಗೆ: ತಾತ್ಕಾಲಿಕ ನೇಮಕದವರು, ಕಿರಿಯ ಗುಮಾಸ್ತರು, ಕಚೇರಿಯ ಭಾಷೆಯಲ್ಲಿ ಸರಾಗವಾಗಿ ಮಾತಾಡಲಾರದವರು, ಕೆಲಸ ಮುಗಿದೊಡನೆ ಮನೆಯ ಒಲೆಯ ಕಡೆಗೆ ಓಡಬೇಕಾದ ಹೆಣ್ಣುಮಕ್ಕಳು. ಇವರಲ್ಲಿ ಒಬ್ಬರು ಸಂಕೋಚವನ್ನು ನುಂಗಿ ಕೇಳಿದರೆಂದರೆ, ಕೇಳದೆಯೇ ಹೇಳಬೇಕಾಗಿದ್ದವರು ಅಷ್ಟು ಹೊತ್ತಿಗೆ ಸುಮ್ಮನಿದ್ದರೆಂದು ಅರ್ಥ. ಕೊರತೆ ಇರುವುದು ಕೇಳಿದವರ ವಿನಯದಲ್ಲಲ್ಲ.

ನಮ್ಮ ಸೇವಾವಧಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಉದಾಹರಿಸಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕಲಿಸಿದವರಿಗೆಲ್ಲ ತಿಳಿದಿರುವಂತೆ, ನಮ್ಮ ಮಕ್ಕಳ ಪಾಠಗಳಲ್ಲಿ ಹಲವು ಮಲಯಾಳದಿಂದಲೋ ಇಂಗ್ಲಿಷಿನಿಂದಲೋ ಕನ್ನಡಕ್ಕೆ ಇಳಿದು ಬರಬೇಕು. ಪಠ್ಯಕ್ರಮ ಬದಲಾದ ಒಂದು ವರ್ಷ, ಕನ್ನಡದ ಪುಸ್ತಕ ಕೈಸೇರುವ ಮೊದಲೇ ತರಗತಿಗಳು ಆರಂಭವಾಗಿದ್ದವು. ಆಗ ನಾವು ದುಡಿಯುತ್ತಿದ್ದ ಶಾಲೆಯಲ್ಲಿ, ದಿನಗೂಲಿ ಆಧಾರದಲ್ಲಿ ಬಂದಿದ್ದ ಅಧ್ಯಾಪಿಕೆಯೊಬ್ಬರು ಸಮಾಜ ವಿಜ್ಞಾನದ ಪಾಠಗಳ ಸಾರವನ್ನು ರಾತ್ರಿ ಕುಳಿತು ಕನ್ನಡಕ್ಕೆ ತಂದು ಟಿಪ್ಪಣಿ ಸಿದ್ಧಪಡಿಸಿದರು. ವಿಜ್ಞಾನದ ಭಾಗವನ್ನು ಹಿರಿಯ ಮಾಸ್ತರರೊಬ್ಬರು ಬರೆದರು. ಪ್ರತಿ ತೆಗೆಸಿ ತಂದು, ಹಾಳೆ ಜೋಡಿಸಿ, ದಬ್ಬಣದಿಂದ ಹೊಲಿದು ಪುಸ್ತಕದ ರೂಪ ಕೊಟ್ಟವನು ಶಾಲೆಯ ಜವಾನ. ಮಕ್ಕಳಿಗೆ ಅದು ಉಪಕಾರವಾಯಿತು. ಸುದ್ದಿ ಸುತ್ತಲಿನ ಶಾಲೆಗಳಿಗೂ ಹರಡಿತು. ಆದರೆ ಸುದ್ದಿ ಹರಡುವಾಗ ‘ಹಿರಿಯ ಮಾಸ್ತರರ ಟಿಪ್ಪಣಿ’ ಎಂದೇ ಹರಡಿತು. ಅವರೇನೂ ಹಾಗೆ ಹೇಳಿಕೊಂಡವರಲ್ಲ; ಅಲ್ಲವೆಂದೂ ಹೇಳಲಿಲ್ಲ.

ವಿದ್ಯಾಧಿಕಾರಿಗಳು ಶಾಲೆಗೆ ಬರುವ ಹಿಂದಿನ ಸಂಜೆ ಆ ಅಧ್ಯಾಪಿಕೆ ನಮ್ಮ ಮೇಜಿನ ಬಳಿಗೆ ಬಂದರು. ‘ಮಾಸ್ಟ್ರೇ, ನಾಳೆ ಅಧಿಕಾರಿಗಳು ಬಂದಾಗ, ಹೆಡ್ಮಾಸ್ಟ್ರ ಎದುರೇ, ಆ ಸಮಾಜ ಪಾಠದ ಟಿಪ್ಪಣಿ ನಾನು ಬರೆದದ್ದು ಅಂತ ಒಂದು ಮಾತು ಹೇಳ್ತೀರಾ? ನಾನೇ ಹೇಳಿದರೆ ಚಂದ ಕಾಣುವುದಿಲ್ಲ.’

‘ಹೇಳುವ ಟೀಚರ್. ಆದರೆ ವಿಜ್ಞಾನದ ಭಾಗ ಮಾಸ್ಟ್ರದ್ದು, ಹೊಲಿದು ಕೊಟ್ಟದ್ದು ಜವಾನ ಅಂತಲೂ ಹೇಳಬೇಕಾಗ್ತದೆ.’

‘ಹೇಳಬೇಕಾದ್ದೇ ಮಾಸ್ಟ್ರೇ. ಅವರದ್ದು ನನಗೆ ಬೇಡ. ನನ್ನದು ನನ್ನದೂಂತ ಆದರೆ ಸಾಕು.’

ಮರುದಿನ ನಾವು ಹೇಳಿದ್ದು ಮೂರು ವಾಕ್ಯ: ಯಾರು ಯಾವುದನ್ನು ಬರೆದರು, ಯಾರು ಹೊಲಿದರು, ಎಷ್ಟು ಮಕ್ಕಳಿಗೆ ಅದು ತಲುಪಿತು. ಅಧಿಕಾರಿಗಳು ಹೊಗಳಲಿಲ್ಲ. ಟಿಪ್ಪಣಿಯ ಹಾಳೆಗಳನ್ನು ತಿರುವಿ, ಒಂದು ಪಾರಿಭಾಷಿಕ ಪದದ ಮೇಲೆ ಬೆರಳಿಟ್ಟು, ‘ಇದನ್ನು ಹೀಗೆ ಯಾಕೆ ಕನ್ನಡಿಸಿದಿರಿ?’ ಎಂದು ನೇರವಾಗಿ ಆ ಅಧ್ಯಾಪಿಕೆಯನ್ನೇ ಕೇಳಿದರು. ಅವರು ಎದ್ದುನಿಂತು ಕಾರಣ ಹೇಳಿದರು. ಅಷ್ಟೇ. ಪ್ರಶಸ್ತಿಯಿಲ್ಲ, ಶಾಲಿಲ್ಲ, ಹಾರವಿಲ್ಲ. ಆದರೆ ಅಲ್ಲಿಯವರೆಗೆ ಆ ಕೋಣೆಯಲ್ಲಿ ಆಕೆಯನ್ನು ಯಾರೂ ಅಂತಹ ಪ್ರಶ್ನೆ ಕೇಳಿರಲಿಲ್ಲ. ಮಾಡಿದವರನ್ನು ಹುಡುಕಿಕೊಂಡು ಪ್ರಶ್ನೆ ಬರುವುದೇ ನಿಜವಾದ ಮನ್ನಣೆ ಎಂದು ನಮಗೆ ಆ ದಿನ ಅನ್ನಿಸಿತು. ಹೊಣೆಯೂ ಗೌರವವೂ ಅದರಲ್ಲಿ ಒಟ್ಟಿಗೇ ಇರುತ್ತವೆ.

ಸಂಜೆ ಚಹಾ ಕುಡಿಯುವಾಗ ಒಬ್ಬರು, ‘ಕೇಳಿ ಹೇಳಿಸಿಕೊಂಡ ಮಾತಿಗೆ ಬೆಲೆಯೇನು?’ ಎಂದರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕೇಳಿ ಪಡೆದ ಹೊಗಳಿಕೆಗೆ ಬೆಲೆ ಕಡಿಮೆ ಎಂಬುದು ನಿಜ. ಆದರೆ ಕೇಳಿ ಪಡೆದ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಾಗುವುದಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿದಾರರನ್ನು ಕರೆದೇ ಕೇಳುತ್ತಾರೆ. ಕರೆದದ್ದರಿಂದ ಅವರ ಮಾತು ಸುಳ್ಳಾಗುವುದಿಲ್ಲ, ಸುಳ್ಳು ಹೇಳಿದರೆ ಮಾತ್ರ ಸುಳ್ಳಾಗುತ್ತದೆ. ಸಹೋದ್ಯೋಗಿಯ ಕೋರಿಕೆಯನ್ನು ನಾವು ಹೊಗಳಿಕೆಯ ಬೇಡಿಕೆ ಎಂದು ತಿಳಿದಾಗ ಮುಜುಗರವಾಗುತ್ತದೆ. ಕಂಡದ್ದನ್ನು ಹೇಳೆಂಬ ಕರೆ ಎಂದು ತಿಳಿದರೆ ಮುಜುಗರ ಕರಗಿ ಕರ್ತವ್ಯ ಉಳಿಯುತ್ತದೆ. ನಮ್ಮ ಮಾತಿನ ತಿರುಳು ಇಷ್ಟೇ.

ಈ ತಿರುಳಿಗೆ ಮಹಾಭಾರತದಲ್ಲಿ ಒಂದು ಅಪೂರ್ವವಾದ ದೃಷ್ಟಾಂತವಿದೆ. ವಿರಾಟಪರ್ವದ ಪ್ರಸಂಗವನ್ನು ತಾಳಮದ್ದಳೆಯಲ್ಲಿ ಕೇಳದವರು ನಮ್ಮ ನಾಡಿನಲ್ಲಿ ವಿರಳ. ಉತ್ತರನ ಪೌರುಷವೆಲ್ಲ ಒಲೆಯ ಮುಂದೆ ಎಂಬ ಗಾದೆಯಂತೂ ಮನೆಮನೆಯ ಮಾತು. ಆತ ಅಂತಃಪುರದಲ್ಲಿ ಜಂಭ ಕೊಚ್ಚಿದ್ದು, ಕೌರವ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ್ದು, ಬೃಹನ್ನಳೆ ಎಳೆದು ತಂದದ್ದು, ಇವಿಷ್ಟನ್ನು ನೆನಪಿಟ್ಟು ನಾವು ನಗುತ್ತೇವೆ. ಯುದ್ಧ ಮುಗಿದ ಮೇಲೆ ನಡೆದದ್ದನ್ನು ನೆನಪಿಡುವವರು ಕಡಿಮೆ.

ಗೋವುಗಳು ಮರಳಿದವು. ಗೆದ್ದವನು ಅರ್ಜುನ, ಆದರೆ ಅಜ್ಞಾತವಾಸದ ಗುಟ್ಟು ಇನ್ನೂ ಹೊರಬೀಳಬಾರದಾಗಿತ್ತು. ಗೆಲುವನ್ನು ನಿನ್ನದೆಂದೇ ಹೇಳಿಬಿಡು ಎಂದು ಅರ್ಜುನನೇ ಉತ್ತರನಿಗೆ ಹೇಳಿದ. ಇತ್ತ ಅರಮನೆಯಲ್ಲಿ ವಿರಾಟರಾಜ ಮಗನ ಪರಾಕ್ರಮವನ್ನು ಕೊಂಡಾಡುತ್ತ ಕಂಕಭಟ್ಟನೊಡನೆ ಪಗಡೆಯಾಡುತ್ತಿದ್ದ. ಬೃಹನ್ನಳೆ ಸಾರಥಿಯಾಗಿರುವಾಗ ಗೆಲುವು ಸಹಜವೇ ಎಂದು ಕಂಕ ಮತ್ತೆ ಮತ್ತೆ ಹೇಳಿದ. ಮಗನ ಕೀರ್ತಿಯನ್ನು ಸಾರಥಿಗೆ ಹಂಚುವುದನ್ನು ಸಹಿಸದ ರಾಜ ದಾಳವನ್ನು ಬೀಸಿ ಹೊಡೆದ. ಧರ್ಮರಾಜನ ಮೂಗಿನಿಂದ ರಕ್ತ ಸುರಿಯಿತು. ಅಷ್ಟರಲ್ಲಿ ಉತ್ತರ ಒಳಗೆ ಬಂದ. ತಂದೆ ಮೆಚ್ಚಲು ಕಾದಿದ್ದಾನೆ. ಊರಿಗೆ ಊರೇ ಅಲಂಕಾರಗೊಂಡಿದೆ. ನಿಜವಾಗಿ ಗೆದ್ದವನೇ ಅನುಮತಿ ಕೊಟ್ಟಿದ್ದಾನೆ. ಸುಳ್ಳಿಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಇನ್ನಾವುದಿದೆ? ಆದರೂ ಆ ಹುಡುಗ ಮೊದಲು ತಂದೆಯಿಂದ ಕಂಕನ ಕ್ಷಮೆ ಕೇಳಿಸಿದ. ಬಳಿಕ, ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ ಬಂದು ಗೆಲ್ಲಿಸಿಕೊಟ್ಟ ಎಂದ. ಗುಟ್ಟನ್ನೂ ಕಾಪಾಡಿದ, ಇನ್ನೊಬ್ಬನ ಗೆಲುವನ್ನು ತನ್ನ ಉಡಿಗೆ ಹಾಕಿಕೊಳ್ಳಲೂ ಇಲ್ಲ.

ಈ ಒಂದು ದೃಶ್ಯದಲ್ಲಿ ನಮ್ಮ ಪ್ರಶ್ನೆಯ ಹಲವು ಮುಖಗಳು ಕಾಣಿಸುತ್ತವೆ. ಯಾರು ಮಾಡಿದರೆಂದು ಮೇಲಿನವರ ಎದುರು ಹೇಳುವುದಕ್ಕೆ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ. ಧರ್ಮರಾಜನಿಗೂ ಅದು ತಪ್ಪಲಿಲ್ಲ. ಮೇಲಿನವರು ತಮಗೆ ಬೇಕಾದವರ ಹೆಸರನ್ನೇ ಕೇಳಲು ಬಯಸುತ್ತಾರೆ. ಅದು ವಿರಾಟನ ಕಾಲದಿಂದ ಬಂದದ್ದು. ರಣರಂಗದಲ್ಲಿ ಧೈರ್ಯಗೆಟ್ಟ ವ್ಯಕ್ತಿಯೂ ಸಭೆಯಲ್ಲಿ ಸತ್ಯ ಹೇಳುವ ಧೈರ್ಯ ತೋರಬಲ್ಲ. ಒಲೆಯ ಮುಂದಿನ ಪೌರುಷವನ್ನು ಗಾದೆಯಾಗಿ ಉಳಿಸಿಕೊಂಡ ನಾವು, ರಾಜಸಭೆಯಲ್ಲಿ ಆತ ಮೆರೆದ ಈ ಪೌರುಷಕ್ಕೂ ಒಂದು ಗಾದೆ ಕಟ್ಟಬೇಕಾಗಿತ್ತು.

ಪುರಾಣದಿಂದ ಆಧುನಿಕ ಕಾಲಕ್ಕೆ ಬಂದರೆ, ಸತ್ಯೇಂದ್ರನಾಥ ಬೋಸರ ನೆನಪಾಗುತ್ತದೆ. ತಾವೇ ಮುಂದಾಗಿ ಕೇಳಿದ್ದಕ್ಕೆ, ಕೇಳಿಸಿಕೊಂಡವರು ಸರಿಯಾಗಿ ಸ್ಪಂದಿಸಿದ್ದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಸಿಗುವುದು ಕಷ್ಟ. 1924ರಲ್ಲಿ ಬೋಸರು ಢಾಕಾ ವಿಶ್ವವಿದ್ಯಾನಿಲಯದ ಅಧ್ಯಾಪಕರು. ಹೊರಜಗತ್ತಿಗೆ ಹೆಚ್ಚು ಪರಿಚಯವಿಲ್ಲದ ಮೂವತ್ತರ ತರುಣ. ತಮ್ಮ ಒಂದು ಪ್ರಬಂಧವನ್ನು ನೇರವಾಗಿ ಆಲ್ಬರ್ಟ್ ಐನ್‌ಸ್ಟೀನರಿಗೆ ಕಳುಹಿಸಿ, ಯೋಗ್ಯವೆಂದು ಕಂಡರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಬೇಕೆಂದು ಕೋರಿದರು. ಐನ್‌ಸ್ಟೀನರು ‘ನೋಡುವ’ ಎನ್ನಲಿಲ್ಲ. ತಾವೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ, ಬೋಸರ ಹೆಸರಿನಲ್ಲಿಯೇ ಪ್ರಕಟಿಸಿ, ಇದೊಂದು ಮಹತ್ವದ ಮುನ್ನಡೆಯೆಂದು ಕೆಳಗೆ ಟಿಪ್ಪಣಿ ಬರೆದರು. ಅವರು ಬರೆದ ಒಂದು ಅಂಚೆ ಕಾರ್ಡು, ಬೋಸರಿಗೆ ಯುರೋಪಿನಲ್ಲಿ ಅಧ್ಯಯನ ಮಾಡಲು ವಿಶ್ವವಿದ್ಯಾನಿಲಯದಿಂದ ರಜೆ ದೊರೆಯುವುದಕ್ಕೂ ನೆರವಾಯಿತು. ಮೇಲಧಿಕಾರಿಯ ಎದುರು ಹೇಳಿದ ಒಂದು ಮಾತಿಗೆ ಎಷ್ಟು ಬಲವಿರುತ್ತದೆ ಎಂಬುದಕ್ಕೆ ಆ ಕಾರ್ಡು ಸಾಕ್ಷಿ.

ಕಥೆಯ ಉತ್ತರಾರ್ಧ ಇನ್ನೂ ಬೋಧಪ್ರದವಾಗಿದೆ. ಬೋಸರು ಅದೇ ವರ್ಷ ಕಳುಹಿಸಿದ ಎರಡನೆಯ ಪ್ರಬಂಧದ ವಾದವು ಐನ್‌ಸ್ಟೀನರಿಗೆ ಒಪ್ಪಿಗೆಯಾಗಲಿಲ್ಲ. ಅದನ್ನೂ ಅವರು ಅನುವಾದಿಸಿ ಪ್ರಕಟಿಸಿದರು. ಆದರೆ ತಮಗೆ ಒಪ್ಪಿಗೆಯಿಲ್ಲವೆಂಬುದನ್ನು ಕಾರಣಸಹಿತ ಕೆಳಗೆ ಸೇರಿಸಿದರು. ಮೊದಲನೆಯದನ್ನು ಮೆಚ್ಚಿದ್ದು ದಾಕ್ಷಿಣ್ಯದಿಂದಲ್ಲ ಎಂಬುದು ಈ ಭಿನ್ನಾಭಿಪ್ರಾಯದಿಂದಲೇ ಸಿದ್ಧವಾಗುತ್ತದೆ. ಒಪ್ಪದ್ದನ್ನು ಒಪ್ಪುವುದಿಲ್ಲ ಎನ್ನಬಲ್ಲವರ ಮೆಚ್ಚುಗೆಗೆ ಮಾತ್ರ ತೂಕವಿರುತ್ತದೆ.

ಇದು ನಮ್ಮನ್ನು ಕಠಿಣವಾದ ಭಾಗಕ್ಕೆ ತರುತ್ತದೆ. ಕೇಳುವವರೆಲ್ಲರೂ ಆ ಅಧ್ಯಾಪಿಕೆಯಂತೆ ‘ಅವರದ್ದು ನನಗೆ ಬೇಡ’ ಎನ್ನುವುದಿಲ್ಲ. ನಾಲ್ವರು ಮಾಡಿದ ಕೆಲಸವನ್ನು ತಾನೊಬ್ಬನೇ ಮಾಡಿದ್ದೆಂದು ಹೇಳಿಸಲು ಬರುವವರಿದ್ದಾರೆ. ಅರ್ಧ ಮಾಡಿದ್ದನ್ನು ಪೂರ್ಣವೆನ್ನಬೇಕು ಎನ್ನುವವರಿದ್ದಾರೆ. ‘ಇಂದು ನೀವು ನನ್ನ ಬಗ್ಗೆ ಹೇಳಿ, ನಾಳೆ ನಾನು ನಿಮ್ಮ ಬಗ್ಗೆ ಹೇಳುತ್ತೇನೆ’ ಎಂದು ವ್ಯಾಪಾರ ಕುದುರಿಸುವವರೂ ಇದ್ದಾರೆ. ಇಲ್ಲಿ ನಾವು ಎರಡು ಬಗೆಯಲ್ಲಿ ಎಡವಬಹುದು. ದಾಕ್ಷಿಣ್ಯಕ್ಕೆ ಬಸಿರಾಗಿ ಎಲ್ಲವನ್ನೂ ಒಪ್ಪಿ ಹೇಳಿಬಿಡುವುದು ಒಂದು. ಅದರಿಂದ ಉಳಿದ ಮೂವರ ದುಡಿಮೆಯನ್ನು ನಾವೇ ಕದ್ದು ಕೊಟ್ಟಂತಾಗುತ್ತದೆ. ಕೋಪಗೊಂಡು ಏನನ್ನೂ ಹೇಳದಿರುವುದು ಇನ್ನೊಂದು. ಅತಿಯಾಗಿ ಕೇಳಿದರೆಂಬ ಕಾರಣಕ್ಕೆ ಅವರು ನಿಜವಾಗಿ ಮಾಡಿದ್ದನ್ನೂ ಅಳಿಸಿಹಾಕುವ ಶಿಕ್ಷೆಯದು. ಬಡ್ಡಿ ಹೆಚ್ಚು ಕೇಳಿದರೆಂದು ಅಸಲನ್ನೇ ಕೊಡದಿರುವುದು ನ್ಯಾಯವಲ್ಲ. ‘ನೀವು ಮಾಡಿದ ಭಾಗವನ್ನು ಖಂಡಿತ ಹೇಳುತ್ತೇನೆ, ಉಳಿದವರದ್ದನ್ನೂ ಹೇಳುತ್ತೇನೆ’ ಎಂದು ಮುಖ ನೋಡಿ ಹೇಳುವುದೇ ಮಧ್ಯಮ ಮಾರ್ಗ. ಇದನ್ನು ಆಗಲೇ, ಅಲ್ಲಿಯೇ ಹೇಳಬೇಕು. ಸಭೆಯಲ್ಲಿ ಅನಿರೀಕ್ಷಿತವಾಗಿ ತಿದ್ದಿದರೆ ಅದು ಅವಮಾನವಾಗುತ್ತದೆ.

ಹೇಳುವ ಕ್ರಮದಲ್ಲಿಯೂ ಒಂದು ಔಚಿತ್ಯವಿದೆ. ಹೆಸರು, ಕೆಲಸ, ಪ್ರಮಾಣ ಈ ಮೂರಿದ್ದರೆ ಸಾಕು. ‘ಅದ್ಭುತ’, ‘ಅಪ್ರತಿಮ’ ಎಂಬ ವಿಶೇಷಣಗಳು ಬೇಡ. ವಿಶೇಷಣ ಹೆಚ್ಚಿದಷ್ಟೂ ಕೇಳುವವರಿಗೆ ಸಂಶಯ ಹೆಚ್ಚುತ್ತದೆ. ಮೇಲಧಿಕಾರಿಯ ಕಿವಿಯಲ್ಲಿ ಗುಟ್ಟಾಗಿ ಉಸುರುವುದಕ್ಕಿಂತ, ಸಂಬಂಧಪಟ್ಟವರೆಲ್ಲ ಇರುವಾಗ ಹೇಳುವುದು ಲೇಸು; ತಪ್ಪಿದ್ದರೆ ಅವರು ತಿದ್ದಬಹುದು. ಇನ್ನೊಬ್ಬರನ್ನು ತಗ್ಗಿಸಿ ಒಬ್ಬರನ್ನು ಎತ್ತುವುದು ಸಾಕ್ಷ್ಯವಲ್ಲ, ಅದು ಪಕ್ಷಪಾತ. ಸಾಧ್ಯವಿದ್ದಲ್ಲಿ ಬರಹದಲ್ಲಿ ದಾಖಲಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಕಡತ ಉಳಿಯುತ್ತದೆ.

ಈ ದಾಖಲಿಸುವ ಸಂಸ್ಕಾರ ಕನ್ನಡಕ್ಕೆ ಹೊಸದೇನಲ್ಲ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ, ನಮ್ಮ ಅತಿ ಪ್ರಾಚೀನ ಕನ್ನಡ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಶಾಸನದ ವಿಷಯವಾದರೂ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬವನಿಗೆ, ವೀರಪುರುಷರ ಸಮಕ್ಷಮದಲ್ಲಿ, ಊರುಗಳನ್ನು ದತ್ತಿಯಾಗಿ ಕೊಟ್ಟ ವಿಚಾರ. ಮಾಡಿದವನ ಹೆಸರು, ಮಾಡಿದ ಕೆಲಸ, ಕಂಡವರ ಎದುರಿನ ಮನ್ನಣೆ ಎಲ್ಲವೂ ಅಲ್ಲಿವೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷನದೆಂದು ಕರೆಯುವ ದೇವಾಲಯದಲ್ಲಿ, ಅದನ್ನು ನಿರ್ಮಿಸಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಅವನಿಗೆ ಸಂದ ಬಿರುದೂ ಕಲ್ಲಿನಲ್ಲಿ ಉಳಿದಿವೆ. ಕಟ್ಟಿಸಿದವರ ಹೆಸರಿನ ಪಕ್ಕದಲ್ಲಿ ಕಟ್ಟಿದವರ ಹೆಸರಿಗೂ ಜಾಗ ಕೊಟ್ಟುದರಿಂದ ಆ ರಾಣಿಯ ಕೀರ್ತಿಯೇನೂ ಕುಂದಲಿಲ್ಲ. ಮೇಲಿನ ಕುರ್ಚಿಯಲ್ಲಿ ಕುಳಿತವರಿಗೆ ಇದರಲ್ಲೊಂದು ಪಾಠವಿದೆ. ‘ಇದನ್ನು ಮಾಡಿದವರು ಯಾರು?’ ಎಂದು ಅವರೇ ಮುಂದಾಗಿ ಕೇಳುವ ಅಭ್ಯಾಸವಿದ್ದರೆ, ಕೆಳಗಿನವರು ಮತ್ತೊಬ್ಬರ ಮೂಲಕ ಹೇಳಿಸಬೇಕಾದ ದೈನ್ಯವೇ ಉಂಟಾಗುವುದಿಲ್ಲ.

ಗಡಿನಾಡಿನ ಕನ್ನಡಿಗರಾದ ನಮಗೆ ಇದು ಬೇಗ ಅರ್ಥವಾಗಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕೇಳುತ್ತಲೇ ಬಂದವರು. ನಮ್ಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಬೇಕು, ಈ ಮಣ್ಣಿನಲ್ಲಿ ಕನ್ನಡವೂ ದುಡಿದಿದೆ ಎಂಬುದನ್ನು ಒಪ್ಪಬೇಕು ಎಂದು ಮನವಿ ಸಲ್ಲಿಸುವಾಗ ನಾವು ಭಿಕ್ಷೆ ಬೇಡುತ್ತಿದ್ದೇವೆಂದು ಎಂದೂ ಭಾವಿಸಲಿಲ್ಲ. ಇದ್ದದ್ದನ್ನು ಇದೆ ಎನ್ನಿರೆಂದೇ ಕೇಳಿದೆವು. ಸಮುದಾಯಕ್ಕೆ ಸಲ್ಲುವ ಈ ಘನತೆಯು, ಪಕ್ಕದ ಮೇಜಿನಿಂದ ಎದ್ದು ಬಂದು ಒಂದು ಮಾತಿಗಾಗಿ ನಿಂತ ವ್ಯಕ್ತಿಗೂ ಸಲ್ಲಬೇಕಲ್ಲವೇ?

ಕೊನೆಯದಾಗಿ ನಮ್ಮ ಸಂಘದ ಅಂಗಳದ್ದೇ ಒಂದು ಮಾತು. ಸಮ್ಮೇಳನ ಮುಗಿಯುವ ಹೊತ್ತಿಗೆ ವಂದನಾರ್ಪಣೆಗೆ ನಿಂತವರ ಕೈಯಲ್ಲಿ ಉದ್ದದ ಪಟ್ಟಿಯಿರುತ್ತದೆ. ಅಧ್ಯಕ್ಷರು, ಉದ್ಘಾಟಕರು, ದಾನಿಗಳು ಎಲ್ಲರ ಹೆಸರೂ ಅದರಲ್ಲಿ ತಪ್ಪದೆ ಬರುತ್ತವೆ. ಬಳಿಕ ‘ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ’ ಎಂಬ ಒಂದು ವಾಕ್ಯದೊಳಗೆ ಉಳಿದವರೆಲ್ಲ ಸೇರಿಹೋಗುತ್ತಾರೆ. ಚಪ್ಪರದ ಕಂಬ ನೆಟ್ಟವರು, ನಾಲ್ಕು ಗಂಟೆಗೆ ಎದ್ದು ಉಪ್ಪಿಟ್ಟಿನ ಬಾಣಲೆ ಒಲೆಗೇರಿಸಿದವರು, ಇದೇ ಸಂಚಿಕೆಯ ಕರಡನ್ನು ಕನ್ನಡಕ ಒರೆಸಿಕೊಳ್ಳುತ್ತ ತಿದ್ದಿದವರು ಸಭೆಯ ಹಿಂದಿನ ಸಾಲಿನಲ್ಲಿಯೇ ಇರುತ್ತಾರೆ. ಅವರು ಯಾರೂ ಬಂದು ಕೇಳಲಾರರು. ಅವರ ಪೈಕಿ ಮೂವರ ಹೆಸರನ್ನಾದರೂ, ಮಾಡಿದ ಕೆಲಸದ ಸಹಿತ, ಈ ಬಾರಿ ಮೈಕಿನಲ್ಲಿ ಹೇಳಿದರೆ ಕಾರ್ಯಕ್ರಮ ತಡವಾಗುವುದು ಒಂದು ನಿಮಿಷ. ಅಷ್ಟು ಹೊತ್ತು ಕಾಯಲು ನಾವೆಲ್ಲರೂ ಸಂತೋಷದಿಂದ ಸಿದ್ಧರಿದ್ದೇವೆ.